ಬ್ಲಾಗರ್‌ನಲ್ಲಿ ಇದೊಂದು ಇದ್ದಿದ್ದರೆ…
(ಓದುಗರ ಪ್ರಶ್ನೆ, ನಮ್ಮ ಉತ್ತರ)

ಬ್ಲಾಗರ್, ಅಂದರೆ ನಾವೆಲ್ಲ ಬ್ಲಾಗ್‌ಸ್ಪಾಟ್ ಎಂದು ಕರೆಯುವ ತಾಣ, ಶುರುವಾದದ್ದು 1999ರಲ್ಲಿ. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. 2020ರಲ್ಲಿ ಡ್ಯಾಶ್‌ಬೋರ್ಡಿನ (ಬರಹ, ಸೆಟ್ಟಿಂಗ್ಸ್ ನೋಡಿಕೊಳ್ಳುವ ಒಳಪುಟದ) ರೂಪ ಬದಲಾಯಿತು. ಅದನ್ನು ಬಿಟ್ಟರೆ ಬರೆಯುವವರು ಬಹುಕಾಲದಿಂದ ಕೇಳುತ್ತಿರುವ ಸೌಲಭ್ಯಗಳು ಹೆಚ್ಚೇನೂ ಬಂದಿಲ್ಲ. ಆದರೂ ಕನ್ನಡದ ಎಷ್ಟೋ ಒಳ್ಳೆಯ ಬರಹಗಳು ಇವತ್ತಿಗೂ ಅಲ್ಲೇ ಇವೆ. "ಬ್ಲಾಗರ್‌ನಲ್ಲಿ ಏನಿರಬೇಕಿತ್ತು?" ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಇಲ್ಲದ ಸೌಲಭ್ಯವನ್ನು ತಂದುಕೊಡುವುದು ನಮ್ಮ ಕೈಲಿಲ್ಲ. ಸದ್ಯಕ್ಕೆ ಅದರ ಕೆಲಸವನ್ನು ಬೇರೆ ಯಾವ ದಾರಿಯಲ್ಲಿ ಮಾಡಿಕೊಳ್ಳಬಹುದು ಎಂಬುದನ್ನು ಹೇಳಬಲ್ಲೆವು.

ಪ್ರಶ್ನೆ: ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬರಹದ ವಿಳಾಸದಲ್ಲಿ ಆ ಶೀರ್ಷಿಕೆಯೇ ಬರುವುದಿಲ್ಲ. ಎಲ್ಲ ಬರಹಕ್ಕೂ 'ಬ್ಲಾಗ್-ಪೋಸ್ಟ್' ಎಂಬ ಒಂದೇ ಹೆಸರು. ಕನ್ನಡದಲ್ಲೇ ವಿಳಾಸ ಪಡೆಯಲು ದಾರಿಯಿಲ್ಲವೇ? — ಶಿರಸಿಯ ಓದುಗರು

ಇಲ್ಲ. ಬ್ಲಾಗರ್ ವಿಳಾಸ ಕಟ್ಟುವಾಗ ಶೀರ್ಷಿಕೆಯಿಂದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಪೂರ್ತಿ ಕನ್ನಡದ ಶೀರ್ಷಿಕೆಯಾದರೆ ಏನೂ ಉಳಿಯುವುದಿಲ್ಲ, ಆಗ 'ಬ್ಲಾಗ್-ಪೋಸ್ಟ್' ಎಂದು ಹಾಕುತ್ತದೆ. ಅದೇ ತಿಂಗಳಲ್ಲಿ ಎರಡನೆಯದು ಬಂದರೆ ಅದಕ್ಕೊಂದು ಅಡಿಗೆರೆ, ಮುಂದೆ ಅಂಕಿ. '2019ರ ಮಳೆಗಾಲ' ಎಂದು ಬರೆದರೆ ವಿಳಾಸ ಬರೀ '2019' ಆಗುತ್ತದೆ. ನಮ್ಮ ಪ್ರಕಾರ ಕನ್ನಡಕ್ಕೆ ಬ್ಲಾಗರ್ ಮಾಡಿರುವ ಅತಿ ದೊಡ್ಡ ಅನ್ಯಾಯ ಇದು. ವಿಳಾಸ ನೋಡಿ ಬರಹ ಯಾವುದೆಂದು ಗುರುತಿಸಲಾಗುವುದಿಲ್ಲ, ಹಳೆಯದನ್ನು ಹುಡುಕುವುದು ಕಷ್ಟ, ಬೇರೆ ಕಡೆಗೆ ಸಾಗಿಸುವಾಗಲಂತೂ ದೊಡ್ಡ ತೊಡಕು (ಕೊನೆಯ ಪ್ರಶ್ನೆ ನೋಡಿ).

ಹೀಗೆ ಮಾಡಿ. ಬರಹವನ್ನು ಮೊದಲ ಸಲ ಪ್ರಕಟಿಸುವ ಮುನ್ನ ಬಲಬದಿಯ 'ಪೋಸ್ಟ್ ಸೆಟ್ಟಿಂಗ್ಸ್'ನಲ್ಲಿ 'ಪರ್ಮಾಲಿಂಕ್' (ಬರಹದ ಸ್ಥಿರ ವಿಳಾಸ) ತೆರೆದು 'ಕಸ್ಟಮ್ ಪರ್ಮಾಲಿಂಕ್' ಆರಿಸಿಕೊಳ್ಳಿ. ಶೀರ್ಷಿಕೆಯ ಮುಖ್ಯವಾದ ಎರಡು ಮೂರು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸಣ್ಣಕ್ಷರದಲ್ಲಿ ಬರೆಯಿರಿ, ನಡುವೆ ಅಡ್ಡಗೆರೆ ಹಾಕಿ. ಕನ್ನಡ ಅಕ್ಷರ, ಖಾಲಿ ಜಾಗ, ಪ್ರಶ್ನಾರ್ಥಕ ಚಿಹ್ನೆ ಯಾವುದನ್ನೂ ಆ ಪೆಟ್ಟಿಗೆ ಒಪ್ಪುವುದಿಲ್ಲ. ಇದನ್ನು ಮರೆಯುವವರಿಗೆ ಇನ್ನೊಂದು ಉಪಾಯ: ಶೀರ್ಷಿಕೆಯನ್ನು ಮೊದಲು ಇಂಗ್ಲಿಷ್ ಲಿಪಿಯಲ್ಲೇ ಬರೆದು ಪ್ರಕಟಿಸಿ, ತಕ್ಷಣ ತಿದ್ದಿ ಕನ್ನಡಕ್ಕೆ ಬದಲಿಸಿ. ವಿಳಾಸ ಮೊದಲ ಪ್ರಕಟಣೆಯಲ್ಲೇ ನಿಗದಿಯಾಗುವುದರಿಂದ ಆಮೇಲೆ ಬದಲಾಗದು. ಆದರೆ ಫೀಡ್ (ಹೊಸ ಬರಹಗಳನ್ನು ಬೇರೆ ಸೇವೆಗಳಿಗೆ ತಲುಪಿಸುವ ಪಟ್ಟಿ) ಓದುವ ಸೇವೆಗಳು ಆ ಎರಡು ನಿಮಿಷದಲ್ಲೇ ಇಂಗ್ಲಿಷ್ ಶೀರ್ಷಿಕೆಯನ್ನು ಎತ್ತಿಕೊಂಡಿರಬಹುದು. ಹಾಗಾಗಿ ಮೊದಲ ದಾರಿಯೇ ಒಳ್ಳೆಯದು.

ಈಗಾಗಲೇ ಪ್ರಕಟವಾದದ್ದಕ್ಕೆ: ಬರಹವನ್ನು ಡ್ರಾಫ್ಟ್‌ಗೆ ಮರಳಿಸಿ, ಪರ್ಮಾಲಿಂಕ್ ಬದಲಿಸಿ, 'ಪಬ್ಲಿಶ್ಡ್ ಆನ್' ಜಾಗದಲ್ಲಿ ಹಳೆಯ ದಿನಾಂಕವೇ ಇದೆಯೆಂದು ನೋಡಿಕೊಂಡು ಮತ್ತೆ ಪ್ರಕಟಿಸಿ. ದಿನಾಂಕ ಇವತ್ತಿನದಾಗಿಬಿಟ್ಟರೆ ವಿಳಾಸದಲ್ಲಿನ ವರ್ಷ, ತಿಂಗಳುಗಳೂ ಬದಲಾಗುತ್ತವೆ. ಆಮೇಲೆ ಸೆಟ್ಟಿಂಗ್ಸ್‌ನ 'ಎರರ್ಸ್ ಅಂಡ್ ರೀಡೈರೆಕ್ಟ್ಸ್'ನಲ್ಲಿ 'ಕಸ್ಟಮ್ ರೀಡೈರೆಕ್ಟ್' ತೆರೆದು ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸಿ, 'ಪರ್ಮನೆಂಟ್' ಗುಂಡಿಯನ್ನೂ ಒತ್ತಿ. ಎರಡೂ ವಿಳಾಸಗಳನ್ನು ಬ್ಲಾಗಿನ ಹೆಸರು ಬಿಟ್ಟು ವರ್ಷದ ಹಿಂದಿನ ಓರೆಗೆರೆಯಿಂದ ಶುರುಮಾಡಬೇಕು. ಪೂರ್ತಿ ವಿಳಾಸ ಹಾಕಿ ಕೆಲಸ ಕೆಡಿಸಿಕೊಳ್ಳುವವರೇ ಹೆಚ್ಚು. ನಾನೂರು ಬರಹಗಳಿದ್ದರೆ ನಾನೂರಕ್ಕೂ ಇದನ್ನು ಮಾಡಲು ಹೋಗಬೇಡಿ. ಹೆಚ್ಚು ಓದಿಸಿಕೊಳ್ಳುವ ಹತ್ತಿಪ್ಪತ್ತಕ್ಕೆ ಮಾಡಿದರೆ ಸಾಕು.

ಪ್ರಶ್ನೆ: ಹಳೆಯ ಬರಹಗಳಲ್ಲಿ ನಮ್ಮದೇ ಬೇರೆ ಬರಹಗಳಿಗೆ ಕೊಟ್ಟ ಕೊಂಡಿಗಳು ತೆರೆಯುತ್ತಿಲ್ಲ. ಎಲ್ಲದರಲ್ಲೂ 'ಬ್ಲಾಗ್‌ಸ್ಪಾಟ್ ಡಾಟ್ ಇನ್' ಎಂದಿದೆ. ಎಲ್ಲವನ್ನೂ ಒಂದೇ ಸಲ ಬದಲಿಸುವ ಸೌಲಭ್ಯ ಬೇಕಿತ್ತು. — ಹಾಸನದ ಓದುಗರು

2012ರಿಂದ ಕೆಲವು ವರ್ಷ ಬ್ಲಾಗರ್ ಭಾರತದ ಓದುಗರನ್ನು 'ಡಾಟ್ ಕಾಮ್' ಬದಲು 'ಡಾಟ್ ಇನ್' ವಿಳಾಸಕ್ಕೆ ಕಳಿಸುತ್ತಿತ್ತು. ನಾವು ಬ್ರೌಸರಿನ ಮೇಲ್ಪಟ್ಟಿಯಿಂದ ನಕಲಿಸಿ ಅಂಟಿಸಿದ್ದು ಆ ವಿಳಾಸವನ್ನೇ. ಮುಂದೆ ಆ ಪದ್ಧತಿ ನಿಂತಿತು, 2020ರಲ್ಲಿ ಆ ಡೊಮೇನೇ (ತಾಣದ ಹೆಸರೇ) ಗೂಗಲ್‌ನ ಕೈತಪ್ಪಿತು. ಬರಹಗಳೇನೂ ಹೋಗಿಲ್ಲ. 'ಇನ್' ತೆಗೆದು 'ಕಾಮ್' ಮಾಡಿದರೆ ಪುಟ ತೆರೆಯುತ್ತದೆ.

ಎಲ್ಲ ಬರಹಗಳಲ್ಲಿ ಒಟ್ಟಿಗೆ ಹುಡುಕಿ ಬದಲಿಸುವ ಸೌಲಭ್ಯ ಬ್ಲಾಗರ್‌ನಲ್ಲಿಲ್ಲ. ಬ್ಲಾಗಿನ ಬ್ಯಾಕಪ್ ಕಡತ ಇಳಿಸಿ, ನೋಟ್‌ಪ್ಯಾಡ್‌ನಂಥ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಆ ವಿಳಾಸ ಹುಡುಕಿ. ಯಾವ ಯಾವ ಬರಹಗಳಲ್ಲಿ ಇದೆಯೆಂದು ಪಟ್ಟಿ ಸಿಗುತ್ತದೆ. ಆಮೇಲೆ ಒಂದೊಂದನ್ನೇ ಎಚ್‌ಟಿಎಂಎಲ್ ನೋಟದಲ್ಲಿ ತೆರೆದು, ಪೂರ್ತಿ ಪಠ್ಯವನ್ನು ಎಡಿಟರ್‌ಗೆ ಹಾಕಿ 'ರಿಪ್ಲೇಸ್ ಆಲ್' ಕೊಟ್ಟು ಮರಳಿ ಅಂಟಿಸಿ. ಪುಟ ತೆರೆದಾಗ ಕೊಂಡಿಗಳನ್ನು ತಾನೇ ಸರಿಪಡಿಸುವ ಚಿಕ್ಕ ಜಾವಾಸ್ಕ್ರಿಪ್ಟ್ ತುಣುಕನ್ನು ಗ್ಯಾಜೆಟ್ ಆಗಿ ಇಡಬಹುದು, ಕೆಲವರು ಹಾಗೆ ಮಾಡಿದ್ದಾರೆ. ಅದು ತೋರಿಕೆಗೆ ಮಾತ್ರ. ಮೂಲದಲ್ಲಿ ತಪ್ಪು ಹಾಗೇ ಇರುತ್ತದೆ, ಬ್ಯಾಕಪ್‌ನಲ್ಲೂ ಅದೇ ಬರುತ್ತದೆ. ಬೇರೆಯವರ ಬ್ಲಾಗುಗಳಿಗೆ ಕೊಟ್ಟ ಕೊಂಡಿಗಳಲ್ಲೂ ಇದೇ ತೊಂದರೆ ಇರುತ್ತದೆ, ಅವನ್ನೂ ನೋಡಿ.

ಪ್ರಶ್ನೆ: ಹೊಸ ಬರಹ ಹಾಕಿದಾಗ ಓದುಗರಿಗೆ ಇಮೇಲ್ ಹೋಗುವ ವ್ಯವಸ್ಥೆ ಮತ್ತೆ ಬರುತ್ತದೆಯೇ? — ಧಾರವಾಡದ ಓದುಗರು

ಬರುವ ಸೂಚನೆಯಿಲ್ಲ. 'ಫಾಲೋ ಬೈ ಇಮೇಲ್' ಗ್ಯಾಜೆಟ್ ಕೆಲಸ ಮಾಡುತ್ತಿದ್ದುದು ಗೂಗಲ್‌ನ ಫೀಡ್‌ಬರ್ನರ್ ಸೇವೆಯ ಆಧಾರದ ಮೇಲೆ. 2021ರ ಜುಲೈನಲ್ಲಿ ಫೀಡ್‌ಬರ್ನರ್‌ನ ಇಮೇಲ್ ಸೇವೆ ನಿಂತಾಗ ಇದೂ ನಿಂತಿತು. ಅದಕ್ಕೂ ಮೊದಲು, 2013ರ ಜುಲೈ 1ಕ್ಕೆ ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿತ್ತು. ಬರೆಯುವವರಿಗೂ ಓದುವವರಿಗೂ ಇದ್ದ ಎರಡು ಸೇತುವೆಗಳು ಹೀಗೆ ಮುರಿದುಬಿದ್ದವು. ಇಂದು ಹೊಸ ಬರಹ ಬಂದದ್ದೇ ಓದುಗರಿಗೆ ತಿಳಿಯದಿರುವುದಕ್ಕೆ ಮುಖ್ಯ ಕಾರಣ ಇದೇ.

ಚಿಕ್ಕ ಓದುಗ ಬಳಗಕ್ಕೆ ಹಣ ಖರ್ಚಿಲ್ಲದ ದಾರಿಯೊಂದಿದೆ. ಬ್ಲಾಗರ್ ಸೆಟ್ಟಿಂಗ್ಸ್‌ನ 'ಇಮೇಲ್' ಭಾಗದಲ್ಲಿ, ಹೊಸ ಬರಹ ಪ್ರಕಟವಾದಾಗ ಸುದ್ದಿ ಕಳಿಸಬೇಕಾದ ವಿಳಾಸಗಳನ್ನು ಕೊಡಬಹುದು. ಮಿತಿ 10 ವಿಳಾಸ. ಆ ಹತ್ತರಲ್ಲಿ ಒಂದು ಗೂಗಲ್ ಗ್ರೂಪ್ಸ್‌ನ ಗುಂಪಿನ ವಿಳಾಸವಾಗಿರಬಹುದು! ಮೊದಲು ಗುಂಪು ಕಟ್ಟಿ, ಆದರೆ ಸದಸ್ಯರನ್ನು ಇನ್ನೂ ಸೇರಿಸಬೇಡಿ. ಗುಂಪಿನಲ್ಲಿ ಹೊರಗಿನವರು ಪತ್ರ ಕಳಿಸಲು ಅನುಮತಿ ಕೊಡಿ. ಇಲ್ಲದಿದ್ದರೆ ಬ್ಲಾಗರ್‌ನ ಪತ್ರವೇ ಒಳಗೆ ಬಾರದು. ಜೊತೆಗೆ ಮಾಡರೇಶನ್ (ನೀವು ಒಪ್ಪಿದ ಪತ್ರ ಮಾತ್ರ ಮುಂದೆ ಹೋಗುವ ವ್ಯವಸ್ಥೆ) ಹಾಕಿ, ಇಲ್ಲದಿದ್ದರೆ ಕಸದ ಪತ್ರಗಳೆಲ್ಲ ಓದುಗರಿಗೆ ಹೋಗುತ್ತವೆ. ಈಗ ಗುಂಪಿನ ವಿಳಾಸವನ್ನು ಬ್ಲಾಗರ್‌ಗೆ ಕೊಡಿ. ಅದು ಒಪ್ಪಿಗೆ ಕೇಳಿ ಒಂದು ಪತ್ರ ಕಳಿಸುತ್ತದೆ, ಅದರಲ್ಲಿನ ಕೊಂಡಿ ಒತ್ತಿ. ಇಷ್ಟಾದ ಮೇಲೆ ಸದಸ್ಯರನ್ನು ಕರೆಯಿರಿ. ಈ ಕ್ರಮ ತಪ್ಪಿದರೆ ಒಪ್ಪಿಗೆಯ ಪತ್ರ ಎಲ್ಲ ಸದಸ್ಯರಿಗೂ ಹೋಗಿ ಗೊಂದಲವಾಗುತ್ತದೆ. ಪ್ರತಿ ಬರಹ ಹಾಕಿದಾಗಲೂ ಗುಂಪಿನ ಬಾಕಿ ಪಟ್ಟಿಗೆ ಹೋಗಿ ಪತ್ರವನ್ನು ಬಿಡುಗಡೆ ಮಾಡುವುದು ಒಂದು ನಿಮಿಷದ ಕೆಲಸ.

ನೂರಾರು ಓದುಗರಿದ್ದರೆ ಫೀಡ್ ನೋಡಿ ಪತ್ರ ಕಳಿಸುವ ಸೇವೆ ಬೇಕು. ಫಾಲೋ ಡಾಟ್ ಇಟ್, ಮೇಲ್‌ಚಿಂಪ್ ಇಂಥವು. ಅವು ಕೇಳುವ ಫೀಡ್ ವಿಳಾಸ ಎಂದರೆ ನಿಮ್ಮ ಬ್ಲಾಗಿನ ವಿಳಾಸದ ಮುಂದೆ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂಬ ಮೂರು ಪದಗಳು, ಪ್ರತಿಯೊಂದರ ಹಿಂದೆ ಒಂದು ಓರೆಗೆರೆ. ಸೆಟ್ಟಿಂಗ್ಸ್‌ನ 'ಸೈಟ್ ಫೀಡ್'ನಲ್ಲಿ 'ಫುಲ್' ಎಂದಿದ್ದರೆ ಪೂರ್ತಿ ಬರಹ ಹೋಗುತ್ತದೆ, 'ಶಾರ್ಟ್' ಎಂದಿದ್ದರೆ ಮೊದಲ ಕೆಲವು ಸಾಲು ಮಾತ್ರ. 'ನನ್' ಎಂದಿದ್ದರೆ ಏನೂ ಹೋಗುವುದಿಲ್ಲ. ಪತ್ರ ಬರುತ್ತಿಲ್ಲ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಪ್ರಶ್ನೆ: ಲೇಬಲ್‌ಗಳ (ಬರಹದ ವಿಷಯ ಸೂಚಿಸುವ ಗುರುತುಪದಗಳ) ಒಳಗೆ ಉಪಲೇಬಲ್ ಬೇಕು. ಧಾರಾವಾಹಿ ಬರಹಗಳನ್ನು ಒಂದನೇ ಕಂತಿನಿಂದ ಕ್ರಮವಾಗಿ ತೋರಿಸಬೇಕು. ಇನ್ನೊಂದು ವಿಚಿತ್ರ: ಒಂದೇ ಲೇಬಲ್ ಪಟ್ಟಿಯಲ್ಲಿ ಎರಡು ಸಲ ಕಾಣುತ್ತದೆ. — ಮೈಸೂರಿನ ಓದುಗರು

ವಿಚಿತ್ರದ್ದನ್ನು ಮೊದಲು ನೋಡೋಣ. ಕಣ್ಣಿಗೆ ಒಂದೇ ಆದರೂ ಅವು ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಗಳಲ್ಲಿ, ಬೇರೆ ಬೇರೆ. 'ಬ್ಲಾಗ್' ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. 'ರ‍್ಯಾಲಿ'ಯಂಥ ಪದದಲ್ಲೂ ಹಳೆಯ ತಂತ್ರಾಂಶ ಕಾಣದ ಇನ್ನೊಂದು ಸಂಕೇತವನ್ನು ವಿರಾಮದ (ಅರ್ಧಾಕ್ಷರ ಮಾಡುವ ಚಿಹ್ನೆಯ) ನಂತರ ಇಡುತ್ತದೆ, ಹೊಸದು ಮೊದಲೇ ಇಡುತ್ತದೆ. ಕಂಪ್ಯೂಟರಿನಲ್ಲಿ ಒಂದು ಲೇಬಲ್, ಫೋನಿನಲ್ಲಿ ಇನ್ನೊಂದು ಲೇಬಲ್ ಬರೆದರೆ ಹೀಗಾಗುತ್ತದೆ. ಆದ್ದರಿಂದ ಲೇಬಲ್‌ಗಳನ್ನು ಪ್ರತಿ ಸಲ ಹೊಸದಾಗಿ ಬರೆಯದೆ ಬ್ಲಾಗರ್ ತೋರಿಸುವ ಪಟ್ಟಿಯಿಂದಲೇ ಒತ್ತಿ ಆರಿಸಿಕೊಳ್ಳಿ. ಈಗಾಗಲೇ ಎರಡಾಗಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ತಪ್ಪು ಲೇಬಲ್‌ನ ಬರಹಗಳನ್ನು ಮಾತ್ರ ಸೋಸಿ, ಎಲ್ಲವನ್ನೂ ಗುರುತು ಮಾಡಿ, ಲೇಬಲ್ ಚಿಹ್ನೆಯಿಂದ ಸರಿಯಾದದ್ದನ್ನು ಸೇರಿಸಿ, ನಂತರ ತಪ್ಪಾದದ್ದನ್ನು ತೆಗೆಯಿರಿ. ಲೇಬಲ್‌ನ ಹೆಸರನ್ನು ನೇರವಾಗಿ ತಿದ್ದುವ ಸೌಲಭ್ಯ ಇಲ್ಲ.

ಒಂದು ಬರಹಕ್ಕೆ 20 ಲೇಬಲ್, ಎಲ್ಲ ಸೇರಿ 200 ಅಕ್ಷರ ಎಂಬ ಮಿತಿಯಿದೆ. ಕನ್ನಡದಲ್ಲಿ ಈ ಮಿತಿ ಬೇಗ ಮುಗಿಯುತ್ತದೆ, ಏಕೆಂದರೆ ಕಂಪ್ಯೂಟರಿಗೆ ಗುಣಿತಚಿಹ್ನೆ, ವಿರಾಮ ಎಲ್ಲವೂ ಒಂದೊಂದು ಅಕ್ಷರ. ನಮಗೆ ಮೂರಕ್ಷರದ 'ಸಾಹಿತ್ಯ' ಅದಕ್ಕೆ ಏಳು.

ಉಪಲೇಬಲ್‌ಗೆ 'ಪ್ರವಾಸ-ಕರಾವಳಿ', 'ಪ್ರವಾಸ-ಮಲೆನಾಡು' ಎಂಬಂತೆ ಹೆಸರಿಡಿ. ಪಟ್ಟಿ ಅಕ್ಷರಕ್ರಮದಲ್ಲಿ ಬರುವುದರಿಂದ ಅವು ಒಟ್ಟಿಗೆ ಕೂರುತ್ತವೆ. ಅಲ್ಪವಿರಾಮ ಮಾತ್ರ ಬಳಸಬೇಡಿ, ಅದು ಲೇಬಲ್ ಅನ್ನೇ ಎರಡು ಮಾಡುತ್ತದೆ. ಧಾರಾವಾಹಿಗೆ ಲೇಬಲ್ ನೆಚ್ಚಿಕೊಳ್ಳಬೇಡಿ. ಲೇಬಲ್ ಪುಟದಲ್ಲಿ ಸದಾ ಹೊಸದೇ ಮೇಲೆ, ಅದನ್ನು ತಿರುಗಿಸಲಾಗದು. ಒಂದು ಸ್ಥಿರ ಪುಟ ಮಾಡಿ ಕಂತುಗಳ ಪಟ್ಟಿಯನ್ನು ಕೈಯಾರೆ ಬರೆಯಿರಿ, ಪ್ರತಿ ಕಂತಿನ ಕೆಳಗೂ ಹಿಂದಿನ ಮತ್ತು ಮುಂದಿನ ಕಂತಿನ ಕೊಂಡಿ ಕೊಡಿ. ಬ್ಲಾಗರ್ ತಾನೇ ತೋರಿಸುವ 'ಹಳೆಯದು, ಹೊಸದು' ಕೊಂಡಿಗಳು ದಿನಾಂಕವನ್ನಷ್ಟೇ ನೋಡುತ್ತವೆ. ಧಾರಾವಾಹಿಯ ನಡುವೆ ಅಡುಗೆಯ ಬರಹ ಬಂದರೆ ಓದುಗ ಅಲ್ಲಿಗೇ ಹೋಗುತ್ತಾನೆ.

ಪ್ರಶ್ನೆ: ಥೀಮ್‌ನ ಫಾಂಟ್ ಪಟ್ಟಿಯಲ್ಲಿ ಕನ್ನಡ ಫಾಂಟ್ ಒಂದೂ ಇಲ್ಲ. — ಪುತ್ತೂರಿನ ಓದುಗರು

ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ತಿರೊ ಕನ್ನಡ, ಬಾಲೂ ತಮ್ಮ 2, ಹುಬ್ಬಳ್ಳಿ, ಬೆಣ್ಣೆ ಮುಂತಾದವು ಉಚಿತವಾಗಿ ಸಿಗುತ್ತವೆ. ಅದೇ ಗೂಗಲ್‌ನ ಬ್ಲಾಗರ್‌ನ ಪಟ್ಟಿಗೆ ಅವು ಬಂದಿಲ್ಲ. ಉದ್ದ ಬರಹಕ್ಕೆ ನೋಟೋ ಸೆರಿಫ್ ಅಥವಾ ತಿರೊ ಒಪ್ಪುತ್ತದೆ. ಬಾಲೂ ತಮ್ಮ ದಪ್ಪ, ಶೀರ್ಷಿಕೆಗೆ ಚೆನ್ನ.

ಥೀಮ್ ಪುಟದಲ್ಲಿ 'ಕಸ್ಟಮೈಸ್' ಪಕ್ಕದ ಬಾಣ ಒತ್ತಿ ಮೊದಲು ಬ್ಯಾಕಪ್ ಇಳಿಸಿಕೊಳ್ಳಿ. ನಂತರ 'ಎಡಿಟ್ ಎಚ್‌ಟಿಎಂಎಲ್'ನಲ್ಲಿ 'ಹೆಡ್' ತೆರೆಯುವ ಸಾಲಿನ ಕೆಳಗೆ ಗೂಗಲ್ ಫಾಂಟ್ಸ್ ಕೊಡುವ ಸಾಲನ್ನು ಅಂಟಿಸಿ. ಇಲ್ಲಿ ಬಹಳ ಮಂದಿ ಸಿಕ್ಕಿಬೀಳುತ್ತಾರೆ: ಆ ಸಾಲಿನ ವಿಳಾಸದಲ್ಲಿ & ಚಿಹ್ನೆ ಇರುತ್ತದೆ, ಬ್ಲಾಗರ್‌ನ ಥೀಮ್ ಎಕ್ಸ್‌ಎಂಎಲ್ ಆದ್ದರಿಂದ ಅದನ್ನು ಒಪ್ಪದೆ ದೋಷ ತೋರಿಸುತ್ತದೆ. ಪ್ರತಿ & ಚಿಹ್ನೆಯ ಮುಂದೆ ಇಂಗ್ಲಿಷಿನ ಎ, ಎಂ, ಪಿ ಅಕ್ಷರಗಳನ್ನೂ ಒಂದು ಸೆಮಿಕೋಲನ್ನನ್ನೂ ಸೇರಿಸಿ. ಸಾಲಿನ ಕೊನೆಯ ಕೋನಚಿಹ್ನೆಯ ಮುಂಚೆ ಓರೆಗೆರೆಯೂ ಇರಬೇಕು. ಇನ್ನು 'ಕಸ್ಟಮೈಸ್', 'ಅಡ್ವಾನ್ಸ್ಡ್', 'ಆಡ್ ಸಿಎಸ್ಎಸ್'ನಲ್ಲಿ ಬರಹದ ಭಾಗಕ್ಕೆ ಫಾಂಟಿನ ಹೆಸರು ಕೊಡಿ. ಸಾಲಿನ ಎತ್ತರ 1.7ರಷ್ಟು ಇರಲಿ. ಇಂಗ್ಲಿಷಿಗೆಂದು ಮಾಡಿದ ಥೀಮ್‌ನ ಇಕ್ಕಟ್ಟಾದ ಸಾಲುಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎರಡೂ ಅಂಚು ಸಮ ಮಾಡುವ 'ಜಸ್ಟಿಫೈ' ಬೇಡ. ಕನ್ನಡದ ಪದಗಳು ಉದ್ದ, ಫೋನಿನಲ್ಲಿ ಪದಗಳ ನಡುವೆ ಕಂದರಗಳಾಗುತ್ತವೆ.

ಪ್ರಶ್ನೆ: ಮುಖಪುಟದಲ್ಲಿ 10 ಬರಹ ಬರಲಿ ಎಂದು ಸೆಟ್ ಮಾಡಿದರೂ ಮೂರೇ ಕಾಣುತ್ತವೆ. — ಬಳ್ಳಾರಿಯ ಓದುಗರು

ಪುಟದ ಒಟ್ಟು ತೂಕ ಹೆಚ್ಚಾದರೆ ಬ್ಲಾಗರ್ ತಾನೇ ಬರಹಗಳ ಸಂಖ್ಯೆ ಕಡಿಮೆ ಮಾಡುತ್ತದೆ. 2010ರಿಂದಲೂ ಹೀಗೇ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಪದ್ಧತಿ) ಕನ್ನಡದ ಒಂದು ಅಕ್ಷರಕ್ಕೆ 3 ಬೈಟ್, ಇಂಗ್ಲಿಷಿನದಕ್ಕೆ 1. ಅದಕ್ಕೇ ನಮಗೆ ಈ ತೊಂದರೆ ಬೇಗ ಎದುರಾಗುತ್ತದೆ. ಪ್ರತಿ ಬರಹದಲ್ಲಿ ಎರಡು ಪ್ಯಾರಾ ಆದಮೇಲೆ 'ಜಂಪ್ ಬ್ರೇಕ್' ಹಾಕಿ, ಮುಖಪುಟದಲ್ಲಿ ಅಲ್ಲಿಯವರೆಗೆ ಮಾತ್ರ ಕಾಣುತ್ತದೆ. ವರ್ಡ್‌ನಿಂದ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರೀ ಪಠ್ಯ ಅಂಟಿಸಿ. ವರ್ಡ್‌ನ ಅಲಂಕಾರದ ಕೋಡ್ ಕೆಲವೊಮ್ಮೆ ಬರಹಕ್ಕಿಂತ ಭಾರ ಇರುತ್ತದೆ.

ಪ್ರಶ್ನೆ: ಐಫೋನಿನವರು ಪ್ರತಿಕ್ರಿಯೆ ಬರೆಯಲು ಹೋದರೆ ಮತ್ತೆ ಮತ್ತೆ ಲಾಗಿನ್ ಕೇಳುತ್ತದೆ. — ಬೆಂಗಳೂರಿನ ಓದುಗರು

ಬರಹದ ಕೆಳಗಿನ ಪ್ರತಿಕ್ರಿಯೆ ಪೆಟ್ಟಿಗೆ ಬೇರೆ ತಾಣದಿಂದ ಬಂದು ಕೂರುವಂಥದ್ದು. ಸಫಾರಿ ಬ್ರೌಸರ್ ಅದರ ಕುಕಿಯನ್ನು (ಲಾಗಿನ್ ನೆನಪಿಡುವ ಚಿಕ್ಕ ಕಡತ) ತಡೆಯುತ್ತದೆ. ಸೆಟ್ಟಿಂಗ್ಸ್‌ನ 'ಕಮೆಂಟ್ಸ್'ನಲ್ಲಿ 'ಎಂಬೆಡೆಡ್' ಬದಲು 'ಪಾಪ್ಅಪ್' ಅಥವಾ 'ಫುಲ್ ಪೇಜ್' ಆರಿಸಿದರೆ ಸರಿಹೋಗುತ್ತದೆ. ಆದರೆ ಪ್ರತಿಕ್ರಿಯೆಯ ಕೆಳಗೇ ಉತ್ತರ ಜೋಡಿಸುವ ಸೌಲಭ್ಯ ಎಂಬೆಡೆಡ್‌ನಲ್ಲಿ ಮಾತ್ರ ಇದೆ. ಚರ್ಚೆ ಹೆಚ್ಚು ನಡೆಯುವ ಬ್ಲಾಗಾದರೆ ಯೋಚಿಸಿ ಬದಲಿಸಿ. ಬರೆದ ಪ್ರತಿಕ್ರಿಯೆಯನ್ನು ತಿದ್ದಲು ಯಾವ ದಾರಿಯೂ ಇಲ್ಲ, ಅಳಿಸಿ ಮತ್ತೆ ಬರೆಯಬೇಕಷ್ಟೆ.

ಪ್ರಶ್ನೆ: ನಮ್ಮ ತಂದೆಯವರಿಗೆ ವಯಸ್ಸಾಗಿದೆ. ಹದಿನೈದು ವರ್ಷದಿಂದ ಅವರು ಬರೆದದ್ದೆಲ್ಲ ಬ್ಲಾಗರ್‌ನಲ್ಲೇ ಇದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ? — ಉಡುಪಿಯ ಓದುಗರು

ಈ ಪ್ರಶ್ನೆಯನ್ನು ಪ್ರತಿ ಮನೆಯವರೂ ಕೇಳಬೇಕು, ಅದೂ ತಂದೆಯವರು ಪಾಸ್‌ವರ್ಡ್ ನೆನಪಿಟ್ಟುಕೊಂಡಿರುವಾಗಲೇ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಆದ್ದರಿಂದ ಇವತ್ತೇ ಮಾಡಬೇಕಾದ್ದು: ತಂದೆಯವರ ಖಾತೆಯಲ್ಲಿ ಬ್ಲಾಗರ್ ತೆರೆದು, ಸೆಟ್ಟಿಂಗ್ಸ್‌ನ 'ಪರ್ಮಿಶನ್ಸ್'ನಲ್ಲಿ ನಿಮ್ಮ ಇಮೇಲ್‌ಗೆ ಲೇಖಕರಾಗಲು ಆಹ್ವಾನ ಕಳಿಸಿ. ನೀವು ಒಪ್ಪಿಕೊಂಡ ಮೇಲೆ ಅದೇ ಪುಟಕ್ಕೆ ಮರಳಿ ನಿಮ್ಮ ಹೆಸರಿನ ಮುಂದಿನ 'ಆಥರ್' ಅನ್ನು 'ಅಡ್ಮಿನ್' ಮಾಡಬೇಕು. ಈ ಎರಡನೆಯ ಹೆಜ್ಜೆಯನ್ನು ಮರೆತರೆ ನಿಮಗೆ ಬರೆಯುವ ಅಧಿಕಾರ ಮಾತ್ರ ಇರುತ್ತದೆ, ಬ್ಲಾಗಿನ ಮೇಲೆ ಹಿಡಿತ ಇರುವುದಿಲ್ಲ.

ಎರಡನೆಯದು ಗೂಗಲ್ ಖಾತೆಯ 'ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್'. ಎಷ್ಟು ಕಾಲ ಖಾತೆ ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಯಾವ ಮಾಹಿತಿ ಕೊಡಬೇಕು ಎಂದು ತಂದೆಯವರೇ ಬರೆದಿಡಬಹುದು. ಅವಧಿ 3 ತಿಂಗಳಿನಿಂದ 18 ತಿಂಗಳವರೆಗೆ, ಹೆಸರುಗಳು ಹತ್ತರವರೆಗೆ.

ಮೂರನೆಯದು ಪ್ರತಿ ತೆಗೆದಿಡುವುದು. ಬ್ಲಾಗರ್‌ನ 'ಬ್ಯಾಕಪ್ ಕಂಟೆಂಟ್' ಬರಹ, ಪ್ರತಿಕ್ರಿಯೆಗಳನ್ನು ಕೊಡುತ್ತದೆ, ಚಿತ್ರಗಳನ್ನಲ್ಲ. ಆ ಕಡತದಲ್ಲಿ ಇರುವುದು ಚಿತ್ರಗಳ ವಿಳಾಸ ಮಾತ್ರ. 'ಎಲ್ಲ ಬ್ಯಾಕಪ್ ಇದೆ' ಎಂದು ನಂಬಿ ಫೋಟೋ ಕಳೆದುಕೊಳ್ಳುವುದು ಹೀಗೆಯೇ. ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳಲು ಗೂಗಲ್ ಕೊಟ್ಟಿರುವ ಟೇಕೌಟ್ ಸೇವೆಯಲ್ಲಿ ಬ್ಲಾಗರ್ ಒಂದನ್ನೇ ಆರಿಸಿ ಇಳಿಸಿಕೊಂಡು, ಜಿಪ್ ಬಿಚ್ಚಿ ಚಿತ್ರಗಳು ಬಂದಿವೆಯೇ ಎಂದು ತೆರೆದು ನೋಡಿ. ಅಲ್ಲೇ 'ಪ್ರತಿ 2 ತಿಂಗಳಿಗೊಮ್ಮೆ, 1 ವರ್ಷ' ಎಂಬ ಆಯ್ಕೆಯೂ ಇದೆ. ವರ್ಷವಾದ ಮೇಲೆ ಮತ್ತೆ ಹಾಕಬೇಕು. ಬಿಟ್ಟುಹೋದ ಚಿತ್ರಗಳಿಗೆ, ಬರಹದಲ್ಲಿನ ಚಿತ್ರದ ವಿಳಾಸದಲ್ಲಿ 'ಎಸ್320', 'ಎಸ್1600' ಎಂಬಂಥ ತುಣುಕು ಇರುತ್ತದೆ. ಅದನ್ನು 'ಎಸ್0' ಮಾಡಿ ತೆರೆದರೆ ಇರುವುದರಲ್ಲಿ ಅತಿ ದೊಡ್ಡ ಗಾತ್ರ ಸಿಗುತ್ತದೆ. ಮುಖ್ಯವಾದ ಬರಹಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲೂ 'ಸೇವ್ ಪೇಜ್ ನೌ' ಮೂಲಕ ಇಡಿ. ಅಕಸ್ಮಾತ್ ಯಾರಾದರೂ ಬ್ಲಾಗ್ ಅಳಿಸಿಬಿಟ್ಟರೆ ಡ್ಯಾಶ್‌ಬೋರ್ಡಿನಿಂದ ಮರಳಿ ಪಡೆಯಲು 90 ದಿನ ಸಮಯವಿದೆ.

ಪ್ರಶ್ನೆ: ಇಷ್ಟೆಲ್ಲ ಕೊರತೆಯಿದ್ದಮೇಲೆ ಬ್ಲಾಗ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ವರ್ಡ್‌ಪ್ರೆಸ್‌ಗೆ ಹೋಗುವುದೇ ಲೇಸಲ್ಲವೇ? — ದಾವಣಗೆರೆಯ ಓದುಗರು

ಹೋಗಬಹುದು, ಆದರೆ ಅದಕ್ಕೆ ಮೊದಲು ಸ್ವಂತ ಡೊಮೇನ್ ಕೊಂಡು ಬ್ಲಾಗರ್‌ಗೇ ಜೋಡಿಸಿ, ಕೆಲವು ತಿಂಗಳು ನಡೆಸಿ. ಡೊಮೇನ್ ಜೋಡಿಸಿದ ಕೂಡಲೇ ಹಳೆಯ ಬ್ಲಾಗ್‌ಸ್ಪಾಟ್ ಕೊಂಡಿಗಳೆಲ್ಲ ಹೊಸ ವಿಳಾಸಕ್ಕೆ ತಾವೇ ಹೋಗುತ್ತವೆ, ಹುಡುಕುತಾಣಗಳೂ ಹೊಸದನ್ನು ಕಲಿಯುತ್ತವೆ. ನೇರವಾಗಿ ಎದ್ದು ಹೋದರೆ ಈ ಅನುಕೂಲ ತಪ್ಪುತ್ತದೆ.

ಡೊಮೇನ್ ಮಾರುವವರ ಡಿಎನ್ಎಸ್ (ಡೊಮೇನ್ ಎತ್ತ ಹೋಗಬೇಕೆಂದು ಹೇಳುವ) ಪುಟದಲ್ಲಿ ಎರಡು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವಂಥದ್ದು) ಬೇಕು: 'ಡಬ್ಲ್ಯುಡಬ್ಲ್ಯುಡಬ್ಲ್ಯು' ಎಂಬುದು ಜಿಎಚ್ಎಸ್ ಡಾಟ್ ಗೂಗಲ್ ಡಾಟ್ ಕಾಮ್‌ಗೆ, ಇನ್ನೊಂದು ಬ್ಲಾಗರ್ ನಿಮಗಾಗಿ ಕೊಡುವ ಸಂಕೇತದ ಜೋಡಿ. ಜೊತೆಗೆ ಬರೀ ಡೊಮೇನ್‌ಗೆ ನಾಲ್ಕು 'ಎ' ದಾಖಲೆ (ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಜೋಡಿಸುವಂಥದ್ದು): 216.239.32.21, 216.239.34.21, 216.239.36.21, 216.239.38.21. ಮಾರಾಟಗಾರರು ಮೊದಲೇ ಇಟ್ಟಿರುವ ಪಾರ್ಕಿಂಗ್ (ತಾತ್ಕಾಲಿಕ ಪುಟದ) ದಾಖಲೆಯನ್ನು ಅಳಿಸಿ. ಹೆಸರಿನ ಜಾಗದಲ್ಲಿ ಪೂರ್ತಿ ಡೊಮೇನ್ ಬರೆದರೆ ಅದು ಎರಡು ಸಲ ಸೇರಿಕೊಂಡು ಜೋಡಣೆ ಕೆಡುತ್ತದೆ, ಮೊದಲ ತುಣುಕು ಮಾತ್ರ ಬರೆಯಿರಿ. ಒಂದು ದಿನದವರೆಗೆ ಕಾಯಬೇಕಾಗಬಹುದು. ಆಮೇಲೆ 'ರೀಡೈರೆಕ್ಟ್ ಡೊಮೇನ್' ಮತ್ತು ಎಚ್‌ಟಿಟಿಪಿಎಸ್ ಗುಂಡಿಗಳನ್ನು ಹಾಕಿ.

ವರ್ಡ್‌ಪ್ರೆಸ್‌ಗೆ ಹೋಗುವ ದಿನ ಬಂದಾಗ, ಅಲ್ಲಿನ ಪರ್ಮಾಲಿಂಕ್ ರಚನೆಯನ್ನು ವರ್ಷ, ತಿಂಗಳು, ಬರಹದ ಹೆಸರು, ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಇಟ್ಟರೆ ಹಳೆಯ ವಿಳಾಸಗಳು ಹಾಗೇ ಉಳಿಯುತ್ತವೆ. ಲೇಬಲ್ ಪುಟಗಳ ವಿಳಾಸ ಹೊಂದುವುದಿಲ್ಲ, ಅದಕ್ಕೆ ಬೇರೆ ರೀಡೈರೆಕ್ಟ್ ಬೇಕು. ಕನ್ನಡದವರಿಗೆ ಇನ್ನೊಂದು ತೊಡಕಿದೆ. ಬ್ಲಾಗರ್‌ನಲ್ಲಿ ಬೇರೆ ಬೇರೆ ತಿಂಗಳಿನಲ್ಲಿ 'ಬ್ಲಾಗ್-ಪೋಸ್ಟ್' ಎಂಬ ಹೆಸರು ಎಷ್ಟು ಸಲವಾದರೂ ಬರಬಹುದು. ವರ್ಡ್‌ಪ್ರೆಸ್‌ನಲ್ಲಿ ಒಂದು ಹೆಸರು ಇಡೀ ತಾಣಕ್ಕೆ ಒಂದೇ ಸಲ. ಹಾಗಾಗಿ ಎರಡನೆಯದು 'ಬ್ಲಾಗ್-ಪೋಸ್ಟ್-2', ಮೂರನೆಯದು 'ಬ್ಲಾಗ್-ಪೋಸ್ಟ್-3' ಆಗಿ, ಆ ಬರಹಗಳ ಹಳೆಯ ಕೊಂಡಿಗಳೆಲ್ಲ ಮುರಿಯುತ್ತವೆ. ಸಾಗಿಸುವ ಮುನ್ನ ಬ್ಯಾಕಪ್ ಕಡತದಿಂದ ಇಂಥ ವಿಳಾಸಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿ. ಒಂದು ಕಂಬದಲ್ಲಿ ಹಳೆಯದು, ಪಕ್ಕದಲ್ಲಿ ಹೊಸದು. ಆ ಪಟ್ಟಿಯನ್ನು ವರ್ಡ್‌ಪ್ರೆಸ್‌ನ ರೀಡೈರೆಕ್ಟ್ ಪ್ಲಗಿನ್‌ಗೆ ಕೊಟ್ಟು, ಬೇರೆ ಬೇರೆ ವರ್ಷಗಳ ಹತ್ತು ಹಳೆಯ ಕೊಂಡಿಗಳನ್ನು ತೆರೆದು ನೋಡಿದ ಮೇಲಷ್ಟೇ ಡೊಮೇನ್ ಅನ್ನು ಅತ್ತ ತಿರುಗಿಸಿ.